ಬುಟ್ಟಿಯಲ್ಲಿದ್ದ ಅಮ್ಮನಿಗೆ ಎಲ್ಲಿಂದ ಎಲ್ಲಿಗೆ ಟಿಕೆಟ್?

ಬಸ್ಸಿನ ಕಂಡಕ್ಟರನ ಬಾಯಿಂದ ದಿನವಿಡೀ ಬರುವ ಮಾತು 'ಒಳಗೆ ನಡೀರಿ' ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಒಳಗೆ ಜಾಗ ಇದ್ದಾಗ ಆ ಮಾತಿನ ಅಗತ್ಯವೇ ಬೀಳುವುದಿಲ್ಲ, ಜಾಗ ಇಲ್ಲದಾಗ ಮಾತ್ರ ಹೇಳುತ್ತೇವೆ. ದಿನವಿಡೀ ಬರುವ ಮಾತು 'ಎಲ್ಲಿಂದ? ಎಲ್ಲಿಗೆ?' ಎಂಬುದು. ಕನಕಪುರ ಡಿಪೋದಲ್ಲಿ ಕೆಲಸಕ್ಕೆ ಸೇರಿದ ದಿನ ಹಿಡಿದ ಈ ರೋಗ ನಿವೃತ್ತಿಯಾದ ಮೇಲೂ ನನ್ನನ್ನು ಬಿಟ್ಟಿಲ್ಲ. ಬೆಳಿಗ್ಗೆ ಹೆಂಡತಿ ಜಯಮ್ಮ ಕಾಫಿ ಲೋಟ ಹಿಡಿದು ಬಂದರೆ ನಿದ್ದೆಗಣ್ಣಿನಲ್ಲಿ 'ಎಲ್ಲಿಂದ? ಎಲ್ಲಿಗೆ?' ಎಂದುಬಿಡುತ್ತೇನೆ. ಅವಳು, "ಒಲೆಯಿಂದ ನಿಮ್ ಬಾಯ್ಗೆ. ಚಿಲ್ರೆ ಕೇಳ್ಬ್ಯಾಡಿ" ಎನ್ನುತ್ತಾಳೆ.

ಈಗ ಡಿಪೋಗೆ ಹೊಸದಾಗಿ ಹುಡುಗರೂ ಹುಡುಗಿಯರೂ ಬಂದಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ಶಿವಣ್ಣ, ನಿಮ್ಮ ಅನುಭವ ಹೇಳಿ" ಎಂದು ಕೇಳುತ್ತಾರೆ. ಮೇಲೆ ಮೇಲೆ ಹೋಗುವ ದಾರಿ ನನಗೆ ಗೊತ್ತಿಲ್ಲ. ನಾನು ಕಂಡಕ್ಟರಾಗಿ ಹತ್ತಿ ಕಂಡಕ್ಟರಾಗಿಯೇ ಇಳಿದವನು. ಆದರೆ ಟ್ರೈನಿಂಗಿನಲ್ಲಿ ಯಾರೂ ಹೇಳಿಕೊಡದ ಒಂದು ಪ್ರಶ್ನೆ ನನ್ನ ಬಸ್ಸು ಹತ್ತಿತ್ತು. ಅದು ನಾಳೆ ನಿಮ್ಮ ಬಸ್ಸನ್ನೂ ಹತ್ತಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ದೊಡ್ಡ ಮನುಷ್ಯ ಎಂದುಕೊಳ್ಳುವ ಅಪಾಯ ಇರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತು. ಬೆಂಗಳೂರಿನಿಂದ ಬರುವಾಗ ಹಾರೋಹಳ್ಳಿಯಲ್ಲಿ ಬಸ್ಸು ನಿಂತಿತು. ಫ್ಯಾಕ್ಟರಿ ಬಿಟ್ಟ ಹೊತ್ತು, ಜನ ಜೇನುಹುಳದ ಹಾಗೆ ಮುತ್ತಿಕೊಂಡರು. ಎಲ್ಲರನ್ನೂ ಹತ್ತಿಸಿ, ಗಂಟಲು ಒಣಗಿತ್ತೆಂದು ಅರ್ಧ ಟೀ ಕುಡಿಯಲು ಕೆಳಗೆ ನಿಂತೆ. ಹಿಂದಿನ ಸೀಟಿನಲ್ಲಿ ಯಾವನೋ ಪುಣ್ಯಾತ್ಮ 'ರೈಟ್' ಎಂದ. ಡ್ರೈವರ್ ಖಾದರಣ್ಣ ಗೇರು ಹಾಕಿ ಹೊರಟೇಬಿಟ್ಟ. ನಾನು ಟೀ ಲೋಟ ಅಲ್ಲೇ ಎಸೆದು, ರೇಷ್ಮೆಗೂಡು ಸಾಗಿಸುವ ಟೆಂಪೋ ಒಂದಕ್ಕೆ ಕೈ ಮುಗಿದು ಹತ್ತಿ, ಗೂಡಿನ ಚೀಲಗಳ ಮೇಲೆ ಕೂತು ನನ್ನ ಬಸ್ಸನ್ನು ಬೆನ್ನಟ್ಟಿದೆ. ಕನಕಪುರ ಇನ್ನೇನು ಬಂತು ಎನ್ನುವಾಗ ಸಿಕ್ಕಿತು.

ಒಳಗೆ ಹೋಗಿ ನೋಡಿದರೆ ನಾನು ಇಲ್ಲದ್ದು ಯಾರಿಗೂ ಗೊತ್ತೇ ಇಲ್ಲ! ಮುಂದಿದ್ದವರು ನಾನು ಹಿಂದಿದ್ದೇನೆ ಎಂದುಕೊಂಡಿದ್ದರು, ಹಿಂದಿದ್ದವರು ಮುಂದಿದ್ದೇನೆ ಎಂದುಕೊಂಡಿದ್ದರು. ಒಬ್ಬ ಮುದುಕಿ ಮಾತ್ರ, "ಕಂಡಕ್ಟ್ರು ಎಲ್ಲವ್ನೆ ಅಂತ ಕೇಳ್ದೆ ಕಣಪ್ಪ. ಇಲ್ಲೇ ಎಲ್ಲೋ ಅವ್ನೆ, ಸುಮ್ಕಿರಮ್ಮ ಅಂದ್ರು" ಎಂದಳು. ಈ ಸುದ್ದಿ ಇಡೀ ತಾಲ್ಲೂಕಿಗೆ ಹಬ್ಬಿ, ಸ್ವಲ್ಪ ದಿನ ನನ್ನ ಹೆಸರೇ 'ಇಲ್ಲೇ ಎಲ್ಲೋ ಅವ್ನೆ' ಎಂದಾಗಿತ್ತು.

ಈ ಹೆಸರು ಹೊತ್ತುಕೊಂಡೇ ನಾನು ಹೆಣ್ಣು ನೋಡಲು ಹೋದದ್ದು. ದೊಡ್ಡಆಲಹಳ್ಳಿಗೆ ಮುಂಚೆ ಸಿಗುವ ಒಂದು ಪುಟ್ಟ ದೊಡ್ಡಿ, ನಮ್ಮ ಕಡೆ ಸಣ್ಣ ಹಳ್ಳಿಯನ್ನು ಹಾಗೆನ್ನುತ್ತೇವೆ. ಆ ಊರಿನ ಅಮ್ಮನ ಗುಡಿಯ ಪೂಜಾರಿ ಕೆಂಪಯ್ಯ, ಅವರ ಮಗಳು ಜಯಮ್ಮ. ಹುಡುಗಿ ಒಪ್ಪಿಗೆಯಾದಳು. ಹುಡುಗಿಗೂ ನಾನು ಒಪ್ಪಿಗೆಯಾದೆ ಎಂದು ಅತ್ತೆಯ ಕಡೆಯವರು ಹೇಳಿದರು, ಜಯಮ್ಮ ಇವತ್ತಿಗೂ ಅದನ್ನು ಒಪ್ಪುವುದಿಲ್ಲ. ಕೆಂಪಯ್ಯನವರ ಷರತ್ತು ಒಂದೇ: ಕೆಲಸ ಖಾಯಂ ಆದ ಮೇಲೆ ಎಲೆ ಅಡಿಕೆ ಬದಲಾಯಿಸೋಣ. ನಾನು ಆಗಿನ್ನೂ ಟ್ರೈನಿ. ಆ ಅವಧಿಯಲ್ಲಿ ಟಿಕೆಟ್ ಕೊಟ್ಟಿಲ್ಲವೆಂದು ಒಂದು ಕೇಸು ಬಿದ್ದರೂ ಮನೆಗೆ ಕಳಿಸುತ್ತಿದ್ದರು. ಹಾಗಾಗಿ ಕೆಲಸವೂ ಮದುವೆಯೂ ಒಂದೇ ಹಗ್ಗದಲ್ಲಿ ತೂಗುತ್ತಿದ್ದವು.

ಆ ಊರಿನವರು ವರ್ಷಕ್ಕೊಮ್ಮೆ ಅಮ್ಮನನ್ನು ಸಂಗಮಕ್ಕೆ ಹೊಳೆಸ್ನಾನಕ್ಕೆ ಕರೆದುಕೊಂಡು ಹೋಗುತ್ತಾರೆ. ಹಿತ್ತಾಳೆಯ ಮುಖ, ಅರಿಸಿನದ ಬಟ್ಟೆ, ಸುತ್ತ ಬೇವಿನ ಸೊಪ್ಪು, ಎಲ್ಲ ಒಂದು ಬಿದಿರು ಬುಟ್ಟಿಯಲ್ಲಿ. ಗುಡಿಯಿಂದ ಎತ್ತಿದ ಬುಟ್ಟಿ ಹೊಳೆ ಮುಟ್ಟುವವರೆಗೆ ನೆಲ ಮುಟ್ಟಬಾರದು, ತಲೆಯ ಮೇಲೋ ಕೈಯಲ್ಲೋ ಇರಬೇಕು. ಮೊದಲೆಲ್ಲ ನಡೆದೇ ಹೋಗುತ್ತಿದ್ದರು. ಸಂಗಮಕ್ಕೆ ಬಸ್ಸು ಬಂದ ಮೇಲೆ ಅಮ್ಮನೂ ಬಸ್ಸು ಹತ್ತಿದಳು.

ಆ ವರ್ಷ ಹತ್ತಿದ್ದು ನನ್ನ ಬಸ್ಸನ್ನು.

ಕೆಂಪಯ್ಯನವರು ತಲೆಯ ಮೇಲೆ ಬುಟ್ಟಿ ಹೊತ್ತು ಹತ್ತಿದರು. ಹಿಂದೆ ಆರತಿ ಹಿಡಿದ ಹೆಂಗಸರು, ಅವರ ನಡುವೆ ಜಯಮ್ಮ. ಸೀಟಿನಲ್ಲಿದ್ದವರೆಲ್ಲ ಎದ್ದು ಜಾಗ ಬಿಟ್ಟರು. ನಾನೂ ಕೈ ಮುಗಿದೆ, ಆಮೇಲೆ ಅದೇ ಕೈಯಲ್ಲಿ ಟಿಕೆಟ್ ಡಬ್ಬಿ ಹಿಡಿದೆ. ಆಗ ಈಗಿನ ಮಷೀನು ಇರಲಿಲ್ಲ. ಬಣ್ಣಬಣ್ಣದ ಟಿಕೆಟಿನ ಕಟ್ಟು, ಕೈಯಲ್ಲೊಂದು ಪಂಚು. ಹತ್ತಿದ ಸ್ಟೇಜಿಗೆ ಒಂದು ತೂತು, ಇಳಿಯುವ ಸ್ಟೇಜಿಗೆ ಒಂದು ತೂತು.

"ನನ್ಗೂ ಎಣ್ಣೈಕ್ಳಿಗೂ ಟಿಕೆಟ್ ಕೊಡಪ್ಪ. ಮಾವ ಆಗೋನು ಅಂತ ಬುಟ್ಬುಡಬ್ಯಾಡ" ಎಂದರು ಕೆಂಪಯ್ಯ.

ಎಲ್ಲರಿಗೂ ಕೊಟ್ಟೆ. ಆಮೇಲೆ ಮೆಲ್ಲಗೆ, "ಬುಟ್ಟಿಗೆ, ಮಾವ?" ಎಂದೆ.

"ಬುಟ್ಟಿಗೇನು?"

"ಅದಕ್ಕೊಂದು ಲಗೇಜ್ ಟಿಕೆಟ್..."

ಮಾತು ಮುಗಿಯಲಿಲ್ಲ. ಬಸ್ಸಿನ ತುಂಬ ಹೆಂಗಸರು ಒಟ್ಟಿಗೆ ಉಸಿರೆಳೆದುಕೊಂಡರು. "ಏನಂದೆ? ನಮ್ಮವ್ವನ್ನ ಲಗೇಜು ಅಂದ್ಯಾ?" ಎಂದು ಹಿಂದಿನಿಂದ ಒಬ್ಬಳು ಎದ್ದಳು. ಜಯಮ್ಮ ನನ್ನನ್ನು ನೋಡಿದ ನೋಟದಲ್ಲಿ ನನ್ನ ಮದುವೆ ಅರ್ಧ ಮುರಿದುಹೋಗಿತ್ತು.

"ತಪ್ಪಾಯ್ತು, ತಪ್ಪಾಯ್ತು. ಲಗೇಜಲ್ಲ. ಪ್ಯಾಸೆಂಜರ್ ಅಂತಲೇ ಕೊಡ್ತೀನಿ" ಎಂದೆ.

ಕೆಂಪಯ್ಯನವರ ಮೀಸೆಯಡಿಯಲ್ಲಿ ನಗು ಕಾಣಿಸಿತು. "ಕೊಡು ಮತ್ತೆ. ಎಲ್ಲಿಂದ ಎಲ್ಲಿಗೆ ಅಂತ ತೂತು ಒಡೀತೀಯ?"

"ನಿಮ್ಮೂರಿಂದ ಸಂಗಮಕ್ಕೆ."

"ಅಲ್ಕಣಪ್ಪ, ನಾವು ಅತ್ತೋಕ್ ಮುಂಚೆ ಈ ಬಸ್ನಲ್ಲಿ ಅವ್ಳು ಇರ್ನಿಲ್ವ? ಕನಕಪುರದಲ್ಲಿ ಇರ್ನಿಲ್ವ? ಸಂಗಮದಲ್ಲಿ ಈಗ ಇಲ್ವ? ಮೊದ್ಲೇ ಇರೋಳು ಅತ್ತೋದೆಂಗೆ, ಎಲ್ಲಾ ಕಡೆ ಇರೋಳು ಇಳಿಯೋದೆಂಗೆ? ನಿನ್ನ ತೂತು ಎಲ್ಲಿ ಬೀಳ್ತದೆ ಏಳು, ಕಾಸು ಕೊಟ್ಬುಡ್ತೀನಿ."

ನನಗೂ ಚೂರು ಹಟ ಬಂತು. "ಎಲ್ಲಾ ಕಡೆ ಇರೋಳನ್ನ ಬುಟ್ಟೀಲಿ ಯಾಕೆ ಹೊತ್ಕೊಂಡು ಬಂದ್ರಿ, ಮಾವ?"

"ಬುಟ್ಟಿ ನಮ್ಗೆ ಕಣಪ್ಪ, ಅವ್ಳಿಗಲ್ಲ. ಅಷ್ಟು ದೊಡ್ಡೋಳ್ನ ಇಡ್ಕಳಾಕೆ ನಮ್ಗೊಂದು ಇಡಿ ಬ್ಯಾಡ್ವ?" ಎಂದರು. ಆಮೇಲೆ ಬಸ್ಸಿನ ಸೂರು, ಕಿಟಕಿ, ಕಿಟಕಿಯಾಚೆಯ ರಾಗಿ ಹೊಲ, ಎಲ್ಲವನ್ನೂ ಗಲ್ಲದಲ್ಲೇ ತೋರಿಸಿದರು. "ಬಸ್ಸೊಳ್ಗೂ ಅವ್ಳೆ. ಬಸ್ಸು ಅವ್ಳೊಳ್ಗೂ ಐತೆ. ಬಸ್ಸು ಸಂಗಮದಲ್ಲಿ ನಿಲ್ತದೆ, ಅವ್ಳು ನಿಲ್ಲಾಕಿಲ್ಲ. ನೀನು ಅವ್ಳನ್ನ ಎಲ್ಲಿಂದ ಎಲ್ಲಿಗೆ ಅಂತ ಕೇಳ್ತಾ ಇದ್ದೀಯ. ಒಂದಿನ ಅವ್ಳು ನಿನ್ನ ಕೇಳುದ್ರೆ ಏನ್ ಏಳ್ತೀಯ?"

ನನ್ನನ್ನು ಪಾರು ಮಾಡಿದ್ದು ಖಾದರಣ್ಣ. ಅವನು ಹಿಂದಕ್ಕೂ ತಿರುಗದೆ, "ಅರೆ ಶಿವಣ್ಣ, ಎಲ್ಲಾ ಕಡೆ ಇರೋರ್ನ ಬಿಟ್ಟು ಗಾಡಿ ಓಡ್ಸೋಕ್ ನಮ್ಮ ಕೈಲಿ ಆಗ್ತದಾ? ಟೈಮ್ ಆಯ್ತು, ಬೆಲ್ ಹೊಡಿ" ಎಂದ. ನಾನು ಬೆಲ್ ಹೊಡೆದೆ. ಅಮ್ಮನಿಗೆ ಟಿಕೆಟ್ ಹರಿಯಲಿಲ್ಲ.

ಈಗ ರುದ್ರಯ್ಯ ಸಾಹೇಬರ ಪರಿಚಯ ಮಾಡಿಕೊಡಬೇಕು. ಅವರು ಚೆಕಿಂಗ್ ಇನ್ಸ್‌ಪೆಕ್ಟರು, ಮಾಗಡಿ ಕಡೆಯವರು. ಸ್ವಂತ ಅತ್ತೆಗೆ ದಂಡ ಹಾಕಿ, ರಸೀದಿ ಕೊಟ್ಟು, ಸಂಜೆ ಅದೇ ಅತ್ತೆಯ ಮನೆಯಲ್ಲಿ ಮುದ್ದೆ ಉಂಡವರು ಎಂದು ಡಿಪೋದಲ್ಲಿ ಮಾತಿತ್ತು. ಅವರ ಜೀಪು ಕಂಡರೆ, ಟಿಕೆಟ್ ತೆಗೆದುಕೊಂಡಿದ್ದವರೂ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ದೊಡ್ಡಆಲಹಳ್ಳಿ ದಾಟಿ ಸ್ವಲ್ಪ ದೂರ ಹೋಗಿದ್ದೇವೆ, ರಸ್ತೆಗೆ ಅಡ್ಡವಾಗಿ ಅದೇ ಜೀಪು.

ರುದ್ರಯ್ಯನವರು ಒಬ್ಬೊಬ್ಬರದೇ ಟಿಕೆಟ್ ನೋಡುತ್ತ ಬಂದು ಬುಟ್ಟಿಯ ಮುಂದೆ ನಿಂತರು. "ಇದರ ಟಿಕೆಟ್?"

"ಸಾರ್, ಅದು ದೇವರು" ಎಂದೆ.

"ದೇವರೋ ದಿಂಡರೋ, ಜಾಗ ಹಿಡಿದಿದೆ ತಾನೆ? ಲಗೇಜ್ ಆದ್ರೆ ಲಗೇಜ್ ಟಿಕೆಟ್ ಎಲ್ಲಿ? ಪ್ಯಾಸೆಂಜರ್ ಆದ್ರೆ ಫುಲ್ ಟಿಕೆಟ್ ಎಲ್ಲಿ? ಯಾವುದೂ ಇಲ್ಲ ಅಂದ್ರೆ ನಿನ್ನ ಕೆಲಸ ಎಲ್ಲಿ?"

ಲಗೇಜು ಎಂದರೆ ಮದುವೆ ಹೋಯಿತು, ಪ್ಯಾಸೆಂಜರ್ ಎಂದರೆ ಕೆಲಸ ಹೋಯಿತು. ಕೆಲಸ ಹೋದರೆ ಹೇಗೂ ಮದುವೆ ಹೋಗುತ್ತಿತ್ತು. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ನನಗೆ ಎರಡೂ ಕಡೆ ಪುಲಿಯೇ.

"ಬುಟ್ಟಿ ಹೊತ್ತಿರೋರು ಕೆಳಗಿಳೀರಿ, ನಿಮ್ಮ ಟಿಕೆಟ್ ತೋರ್ಸಿ" ಎಂದರು ಸಾಹೇಬರು.

ಕೆಂಪಯ್ಯನವರು ಎರಡು ಕೈಯಲ್ಲಿ ಬುಟ್ಟಿ ಹಿಡಿದು ಇಳಿದರು. ಟಿಕೆಟ್ ಇದ್ದದ್ದು ಸೊಂಟದ ಎಲೆಅಡಿಕೆ ಚೀಲದಲ್ಲಿ. "ಒಸಿ ಇಡ್ಕಳಿ ಸಾಮಿ, ತಗ್ದು ತೋರಿಸ್ತೀನಿ" ಎಂದವರೇ, ಸಾಹೇಬರು ಹೂಂ ಎನ್ನುವ ಮೊದಲೇ ಬುಟ್ಟಿಯನ್ನು ಅವರ ಕೈಗೆ ಇಟ್ಟುಬಿಟ್ಟರು. ಇಟ್ಟು, ಟಿಕೆಟ್ ತೆಗೆಯಲಿಲ್ಲ. ನೇರ ರಸ್ತೆಬದಿಯ ಪೊದೆಗಳ ಹಿಂದೆ ಹೋಗಿ ಕಾಣೆಯಾದರು.

ರುದ್ರಯ್ಯನವರು ಬುಟ್ಟಿ ಹಿಡಿದು ನಿಂತರು. ಕೆಳಗಿಡಲು ಬಗ್ಗಿದರೆ ಹೆಂಗಸರು ಹೋ ಎಂದು ಕೂಗಿದರು. ನನ್ನ ಕೈಗೆ ಕೊಡಲು ಬಂದರು. ನಾನು ಟಿಕೆಟ್ ಡಬ್ಬಿ, ಪಂಚು, ಹಣದ ಬ್ಯಾಗು ಎಲ್ಲವನ್ನೂ ಒಟ್ಟಿಗೆ ಅಪ್ಪಿಕೊಂಡು, "ಡ್ಯೂಟಿ ಮೇಲಿದ್ದೀನಿ ಸಾರ್" ಎಂದೆ. ಅಷ್ಟರಲ್ಲಿ ಕೆಂಪಯ್ಯನವರು ಒಂದು ಬೇವಿನ ಕೊಂಬೆ ಮುರಿದುಕೊಂಡು ಬಹಳ ನೆಮ್ಮದಿಯ ಮುಖದಲ್ಲಿ ಹಿಂದಿರುಗಿದರು.

"ತಗೊಳ್ರೀ ನಿಮ್ಮ ಬುಟ್ಟಿ" ಎಂದರು ಸಾಹೇಬರು.

"ಇನ್ ನಾನು ಮುಟ್ಟಂಗಿಲ್ಲ ಸಾಮಿ. ಇವತ್ತು ಅಮ್ಮ ನಿಮ್ಮನ್ನೇ ಕೇಳವ್ಳೆ. ಕೈ ಬದ್ಲಾದ್ ಮ್ಯಾಲೆ ಒಳೆ ಮುಟ್ಟೋಗಂಟ ನೀವೇ ಒರ್ಬೇಕು" ಎಂದು, ಅವರ ಕಾಲಿನ ಬಳಿ ಬೇವಿನ ಸೊಪ್ಪು ಇಟ್ಟು ಅಡ್ಡಬಿದ್ದರು.

ಪೂಜಾರಿಯೇ ಅಡ್ಡಬಿದ್ದ ಮೇಲೆ ಊರು ಬಿಡುತ್ತದೆಯೇ? ಹೆಂಗಸರೆಲ್ಲ ಇಳಿದು ಬಂದು ಸರದಿಯಲ್ಲಿ ರುದ್ರಯ್ಯನವರ ಪಾದ ಮುಟ್ಟಿದರು. ಒಬ್ಬಳು ಹಣೆಗೆ ಕುಂಕುಮ ಇಟ್ಟಳು, ಒಬ್ಬಳು ಷೂ ಬಿಚ್ಚಿಸಿದಳು. ಕೇಸು ಬರೆಯಬೇಕಾದ ಎರಡು ಕೈಯೂ ಬುಟ್ಟಿಯಲ್ಲಿ ಸಿಕ್ಕಿಕೊಂಡಿದ್ದವು. ಪೆನ್ನು ಜೇಬಿನಿಂದ ಇಣುಕಿ ನೋಡುತ್ತಿತ್ತು. ಸಾಹೇಬರು ಬುಟ್ಟಿಯನ್ನು ತಲೆಗೇರಿಸಿಕೊಂಡು ಬಸ್ಸು ಹತ್ತಿದರು, ಜೀಪು ಹಿಂದೆ ಬಂತು.

ದಾರಿಯಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಬಾಯಿ ನನ್ನದು. ಹತ್ತಿರ ಹೋಗಿ ಕೇಳಿದೆ: "ಸಾರ್, ಲಗೇಜಾ?"

"ಏಯ್, ಸುಮ್ನಿರಯ್ಯ!" ಎಂದರು. ಆದರೆ ಗದರಿದ ದನಿಯಲ್ಲ ಅದು. ಸುಮ್ಮನಿರು ಎಂದು ಬೇಡಿಕೊಂಡಂತಿತ್ತು.

ಹಾಗೆಂದು ಅವರು ಬಿಟ್ಟುಬಿಟ್ಟರು ಎಂದುಕೊಳ್ಳಬೇಡಿ. ಸಂಗಮದಲ್ಲಿ ಅಮ್ಮನಿಗೆ ಸ್ನಾನವಾಯಿತು, ಮೊಣಕಾಲುದ್ದ ನೀರಿನಲ್ಲಿ ನಿಂತ ಸಾಹೇಬರಿಗೂ ಅರ್ಧ ಸ್ನಾನವಾಯಿತು. ಪ್ರಸಾದ ತಿಂದು ಕೈ ಒರೆಸಿಕೊಂಡು, ಒದ್ದೆ ಪ್ಯಾಂಟಿನಲ್ಲೇ ಬಂಡೆಯ ಮೇಲೆ ಕೂತು ನನ್ನ ಮೇಲೆ ಮೆಮೊ ಬರೆದರು. "ಭಕ್ತಿ ಬೇರೆ, ಡ್ಯೂಟಿ ಬೇರೆ" ಎಂದರು. ಹೊಸ ಹುಡುಗರೇ, ಇಂಥ ಮೇಲಧಿಕಾರಿ ಸಿಕ್ಕರೆ ಬಯ್ಯಬೇಡಿ. ಬೈದದ್ದನ್ನೆಲ್ಲ ಆಮೇಲೆ ನೀವೇ ವಾಪಸು ತೆಗೆದುಕೊಳ್ಳಬೇಕಾಗುತ್ತದೆ.

ಡಿಪೋ ಮ್ಯಾನೇಜರ್ ಮುಂದೆ ವಿಚಾರಣೆ ನಡೆಯಿತು. ಮ್ಯಾನೇಜರು ಹೊಟ್ಟೆಹುಣ್ಣಿನ ಮನುಷ್ಯ, ಸದಾ ಮಜ್ಜಿಗೆ ಕುಡಿಯುತ್ತಿದ್ದರು. ಕಿಟಕಿಯಾಚೆ ಬೆಂಚಿನ ಮೇಲೆ ಕೆಂಪಯ್ಯನವರೂ ಊರಿನ ಹೆಂಗಸರೂ ಕಿವಿ ಇತ್ತ ಇಟ್ಟು ಕೂತಿದ್ದರು. ಕೆಲಸ ಹೋದರೆ ಊರಿಗೆ ಹೋಗಿ ಕುರಿ ಕಾಯಬಹುದಿತ್ತು, ಅದಕ್ಕೇನೂ ನಾಚಿಕೆಯಿಲ್ಲ. ಆದರೆ ಬಸ್ಸಿನಲ್ಲಿ ಅಷ್ಟು ಕೋಪದಲ್ಲಿ ನನ್ನನ್ನು ನೋಡಿದ ಹುಡುಗಿಯನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗುವ ಮನಸ್ಸು ನನಗಿರಲಿಲ್ಲ.

ಮ್ಯಾನೇಜರು ಮೆಮೊ ಓದಿ, ನನ್ನ ಕಡೆ ನೋಡಿ, ಆಮೇಲೆ ರುದ್ರಯ್ಯನವರ ಕಡೆ ತಿರುಗಿದರು. "ಬುಟ್ಟಿ ಹೊತ್ತವರು ಆಮೇಲೆ ಯಾರು?"

"ನಾನೇ ಸಾರ್."

"ಏನನ್ನ ಹೊತ್ರಿ? ಲಗೇಜೋ, ಪ್ಯಾಸೆಂಜರೋ? ನೀವು ಹೇಳಿದ್ದನ್ನೇ ಬರ್ಕೊಳ್ತೀನಿ. ಲಗೇಜ್ ಅಂದ್ರೆ, ಡ್ಯೂಟಿ ಟೈಮಲ್ಲಿ ಹಮಾಲಿ ಕೆಲಸ ಮಾಡಿದ್ರಿ ಅಂತ ಆಗುತ್ತೆ. ಪ್ಯಾಸೆಂಜರ್ ಅಂದ್ರೆ, ಟಿಕೆಟ್ ಇಲ್ಲದೋರನ್ನ ತಲೆ ಮೇಲೆ ಕೂರಿಸ್ಕೊಂಡು ಹೋದ್ರಿ ಅಂತ ಆಗುತ್ತೆ."

ನನ್ನ ಮೇಲೆ ಬಿದ್ದಿದ್ದ ಇಕ್ಕಳ ಈಗ ಸಾಹೇಬರ ಮೇಲೆ ಬಿತ್ತು. ನಾನು ಒಳಗೊಳಗೇ ಕುಣಿದೆ. ಆದರೆ ರುದ್ರಯ್ಯನವರು ಟೋಪಿ ತೆಗೆದು ತಲೆ ಮುಟ್ಟಿ ನೋಡಿಕೊಂಡರು. ಆಮೇಲೆ ಹೇಳಿದರು:

"ಹತ್ತಿದ್ದು ಗೊತ್ತು ಸಾರ್. ಸಂಗಮದಲ್ಲಿ ಬುಟ್ಟಿ ಇಳಿಸಿದೆ. ಆದ್ರೆ ಆಯಮ್ಮ ಇನ್ನೂ ಇಳಿದ ಹಾಗಿಲ್ಲ."

ಕಿಟಕಿಯಾಚೆ ಒಬ್ಬ ಹೆಂಗಸು ಕೆನ್ನೆ ಬಡಿದುಕೊಂಡಳು. ಮ್ಯಾನೇಜರು ಒಂದು ಗುಟುಕು ಮಜ್ಜಿಗೆ ಕುಡಿದು, "ಇನ್ನೂ ಇಳೀದೇ ಇರೋ ಪ್ಯಾಸೆಂಜರ್ ಮೇಲೆ ಕೇಸ್ ನಡೆಸೋಕೆ ಬರಲ್ಲ. ಪ್ರಯಾಣ ಮುಗಿದ ಮೇಲೆ ನೋಡೋಣ" ಎಂದು ಮೆಮೊ ಮಡಚಿಟ್ಟರು. ನನ್ನ ಕೆಲಸ ಖಾಯಂ ಆಯಿತು. ಎಲೆ ಅಡಿಕೆ ಬದಲಾಯಿತು. ಮದುವೆಗೆ ರುದ್ರಯ್ಯನವರು ಬಸ್ಸಿನಲ್ಲೇ ಬಂದರು, ಇಳಿದ ತಕ್ಷಣ ತಮ್ಮ ಟಿಕೆಟನ್ನು ನನಗೆ ತೋರಿಸಿದರು.

ಅಲ್ಲಿಂದ ಮುಂದೆ ವರ್ಷವರ್ಷವೂ ಹೊಳೆಸ್ನಾನದ ದಿನ ಅವರು ರಜೆ ಹಾಕಿ ಬರುತ್ತಿದ್ದರು. ಬುಟ್ಟಿ ಹೊರಲು ಅವಕಾಶ ಸಿಗಲಿ ಸಿಗದಿರಲಿ, ಅದರ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. "ನನ್ನಂಥ ಕಲ್ಲನ್ನ ಆಯಮ್ಮ ಯಾಕೆ ಕೇಳಿದ್ಲೋ ಶಿವಣ್ಣ, ಇವತ್ತಿಗೂ ಗೊತ್ತಾಗಲ್ಲ" ಎನ್ನುತ್ತಿದ್ದರು.

ನನಗೆ ಗೊತ್ತಾಯಿತು. ಟಿಕೆಟ್ ಕಟ್ಟುಗಳು ಹೋಗಿ ಕೈಗೆ ಮಷೀನು ಬಂದ ವರ್ಷ ಅದು. ಮಷೀನಿನ ಕಿರಿಕಿರಿ ಹೇಳಿಕೊಳ್ಳುತ್ತ ಮಾವನ ಜೊತೆ ಜಗಲಿಯ ಮೇಲೆ ಕೂತಿದ್ದೆ. ಪಂಚಿನ ಕಾಲದಲ್ಲಿ ತೂತು ತಪ್ಪಿದರೆ ನಮ್ಮ ತಪ್ಪು, ಈಗ ಮಷೀನು ಕೆಟ್ಟರೂ ನಮ್ಮದೇ ತಪ್ಪು ಎಂದು ಗೊಣಗುತ್ತಿದ್ದೆ. ಹಾಗೇ ಮಾತಿಗೆ ಮಾತು ಬಂದು, "ಮಾವ, ಅವತ್ತು ಅಮ್ಮ ರುದ್ರಯ್ಯನವರನ್ನ ಕೇಳಿದ್ದು ನಿಮಗೆ ಹೇಗೆ ಗೊತ್ತಾಯ್ತು?" ಎಂದೆ.

ಮಾವ ಅತ್ತ ಇತ್ತ ನೋಡಿ, ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದರು. "ಯಾರ್ಗೂ ಏಳ್ಬ್ಯಾಡ. ಬೆಳಿಗ್ಗೆಯಿಂದ ಒಂದಕ್ ಓಗಿರ್ನಿಲ್ಲ ಕಣಪ್ಪ. ಬುಟ್ಟಿ ಒತ್ಕಂಡು ಎಂಗ್ ಓಗದು? ಆ ರಸ್ತೆ ಗುಂಡಿ ಬ್ಯಾರೆ. ಜೀವ ಓಗದೊಂದ್ ಬಾಕಿ ಇತ್ತು. ಆ ವಯ್ಯ ಎದುರ್ಗೆ ಸಿಕ್ದ, ಕೊಟ್ಬುಟ್ಟೆ. ಓಗ್ಬಂದ್ ಮ್ಯಾಲೆ ಸ್ನಾನ ಮಾಡ್ದೆ ಮುಟ್ಟಂಗಿಲ್ವಲ್ಲ, ಅದ್ಕೇ ಅವನ್ ಕೈಲೇ ಒರಿಸ್ದೆ."

ನಾನು ನಕ್ಕು ನಕ್ಕು ಜಗಲಿಯಿಂದ ಬೀಳುವುದೊಂದು ಬಾಕಿ. "ಹಾಗಾದ್ರೆ ಅಮ್ಮ ಕೇಳಿದ್ದು ಸುಳ್ಳು!"

"ಯಾವ್ದು ಸುಳ್ಳು?" ಮಾವ ನಗಲಿಲ್ಲ. "ಎಲ್ಲಾ ಕಡೆ ಅವ್ಳೆ ಅಂದ್ ಮ್ಯಾಲೆ ಅಲ್ಲೂ ಇರ್ಬೇಕಲ್ಲ? ಆ ವಯ್ಯನ್ ತಲೆಗೆ ಓಗ್ಬೇಕು ಅಂತ ಅವ್ಳಿಗೆ ಆಸೆ ಆಯ್ತು. ನನ್ಗೆ ಒಂದಕ್ ಬಂತು."

ನಾನು ನಗು ನಿಲ್ಲಿಸಿದೆ. ಈ ಗುಟ್ಟನ್ನು ರುದ್ರಯ್ಯನವರಿಗೆ ಮಾತ್ರ ಹೇಳಲಿಲ್ಲ. ಅವರ ತಲೆಯಿಂದ ಅಮ್ಮನನ್ನು ಇಳಿಸುವ ಅಧಿಕಾರ ಕಂಡಕ್ಟರಿಗಿಲ್ಲ. ಅವರೂ ಈಗಿಲ್ಲ, ಮಾವನೂ ಇಲ್ಲ. ಇಬ್ಬರನ್ನೂ ನೆನೆದರೆ ನನಗೆ ಇವತ್ತಿಗೂ ನಗುವೂ ಅಳುವೂ ಒಂದೇ ಬಾಗಿಲಲ್ಲಿ ಬರುತ್ತವೆ.

ಮಾವನ ನಂತರ ಬುಟ್ಟಿ ಹೊರುವುದು ಜಯಮ್ಮನ ತಮ್ಮ. ಅವನು ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿದ್ದಾನೆ. ಈ ವರ್ಷ ಅವನಿಗೆ ರಜೆ ಸಿಗಲಿಲ್ಲ. "ಭಾವ, ಅಳಿಯಾನೂ ಮಗ ಇದ್ದಂಗೆ. ಈ ಸಲ ನೀವೇ ಒತ್ಬುಡಿ" ಎಂದ. ಹೊತ್ತೆ. ಇಷ್ಟು ವರ್ಷ ಬುಟ್ಟಿಯ ಆಚೆಗಿದ್ದವನು ಈ ಸಲ ಅದರ ಅಡಿಗೆ ಬಂದೆ. ಪಕ್ಕದಲ್ಲಿ ಜಯಮ್ಮ, ಅವಳ ಎರಡು ಕೈಯಲ್ಲೂ ತಂಬಿಟ್ಟಿನ ಆರತಿ ತಟ್ಟೆ.

ಬಸ್ಸಿನಲ್ಲಿ ಹೊಸ ಕಂಡಕ್ಟರ್ ಹುಡುಗಿ. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಗಿದೆಯಲ್ಲ, ಆಧಾರ್ ನೋಡಿ ಜಯಮ್ಮನಿಗೆ ದುಡ್ಡಿಲ್ಲದ ಟಿಕೆಟ್ ಕೊಟ್ಟಳು. ಆಮೇಲೆ ಬುಟ್ಟಿ ನೋಡಿದಳು.

"ಅಂಕಲ್, ಇದು ಲಗೇಜಾ?"

ನಲವತ್ತು ಬಾಯಿ ಒಟ್ಟಿಗೆ ತೆರೆದವು. ಅವರಿಗಿಂತ ಮುಂಚೆ ಜಯಮ್ಮ ಮಾತಾಡಿದಳು. "ಲಗೇಜಲ್ಲ ಕಣವ್ವ, ನಮ್ಮಮ್ಮ. ಎಣ್ಣೈಕ್ಳಿಗೆ ಫ್ರೀ ಅಲ್ವಾ? ಅವ್ಳೂ ಎಣ್ಣೇ. ಅವ್ಳಿಗೂ ಒಂದು ಟಿಕೆಟ್ ಅರಿ."

"ಹಂಗಾದ್ರೆ ಅಮ್ಮನ ಆಧಾರ್ ಕೊಡಿ" ಎಂದಳು ಹುಡುಗಿ, ಕಣ್ಣಲ್ಲೇ ನಗುತ್ತ.

"ಜಗತ್ತಿಗೇ ಆಧಾರ ಅವ್ಳು, ಅವ್ಳಿಗ್ಯಾವ ಆಧಾರ?" ಎಂದ ಹಿಂದಿನಿಂದ ಒಬ್ಬ. ಬಸ್ಸೆಲ್ಲ ನಕ್ಕಿತು.

"ಸರಿ, ಕೊಟ್ಟೇಬಿಡ್ತೀನಿ. ಆದ್ರೆ ಫ್ರೀ ಟಿಕೆಟ್‌ಗೂ ಮಷೀನು ಕೇಳುತ್ತೆ. ಎಲ್ಲಿಂದ, ಎಲ್ಲಿಗೆ?"

ಮಾವನ ಮಾತು ನಾಲಿಗೆಯ ತುದಿಗೆ ಬಂತು. ಹೇಳಲಾಗಲಿಲ್ಲ. ಯಾಕೆಂದರೆ ಆ ಗಳಿಗೆಯಲ್ಲಿ ನನಗೆ ಬೇರೆಯದೇ ಅವಸರ ಶುರುವಾಗಿತ್ತು. ವಯಸ್ಸು, ಬೆಳಿಗ್ಗೆಯಿಂದ ಕುಡಿದ ನೀರು, ರಸ್ತೆಯ ಗುಂಡಿ. ಬಸ್ಸು ದೊಡ್ಡಆಲಹಳ್ಳಿಯಲ್ಲಿ ನಿಂತಿತು. ಯೋಚಿಸಲು ಹೊತ್ತಿರಲಿಲ್ಲ. "ಒಸಿ ಇಡ್ಕೊಳವ್ವ" ಎಂದು ಬುಟ್ಟಿಯನ್ನು ಹುಡುಗಿಯ ಕೈಗೆ ಕೊಟ್ಟು ಇಳಿದೆ.

ಅಂಗಡಿಗಳ ಹಿಂದೆ ಒಂದು ಬೇಲಿಯ ಮರೆ ಸಿಕ್ಕಿತು. ಅಮ್ಮನಿಗೆ ಮುಖ ಮಾಡಿ ನಿಲ್ಲಬಾರದೆಂದು ಬಸ್ಸಿಗೆ ಬೆನ್ನು ತಿರುಗಿಸಿದೆ. ಎದುರಿಗೆ ಹಿಪ್ಪುನೇರಳೆ ತೋಟ, ಅದರಾಚೆ ಗುಡ್ಡ, ಅದರಾಚೆ ಆಕಾಶ. ಆಗ ನೆನಪಾಯಿತು, ಅವಳು ಬುಟ್ಟಿಯಲ್ಲಿ ಮಾತ್ರ ಇಲ್ಲವಲ್ಲ ಎಂದು. ಪಕ್ಕಕ್ಕೆ ತಿರುಗಿದೆ. ಅಲ್ಲೊಂದು ಕರು ನನ್ನನ್ನೇ ನೋಡುತ್ತಿತ್ತು. ಇನ್ನೊಂದು ಪಕ್ಕಕ್ಕೆ ತಿರುಗಿದೆ. ಯಾವ ಕಡೆ ಅಂತ ಬೆನ್ನು ಮಾಡುವುದು? ಕೊನೆಗೆ ಕಣ್ಣು ಮುಚ್ಚಿ, "ತಾಯಿ, ನೀನೇ ಆ ಕಡೆ ತಿರುಗಿಕೋ" ಎಂದೆ.

ಹಿಂದಿರುಗಿದಾಗ ಹುಡುಗಿ ಬುಟ್ಟಿಯನ್ನು ತಲೆಗೇರಿಸಿಕೊಂಡಿದ್ದಳು. "ತಗೊಳ್ಳಿ ಅಂಕಲ್" ಎಂದಳು.

"ಇನ್ ನಾನು ಮುಟ್ಟಂಗಿಲ್ಲವ್ವ. ಇವತ್ತು ಅಮ್ಮ ನಿನ್ನನ್ನೇ ಕೇಳವ್ಳೆ" ಎಂದೆ. ಜಯಮ್ಮ ನನ್ನನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿದಳು. ಅಪ್ಪನ ಗುಟ್ಟು ಮಗಳಿಗೂ ಗೊತ್ತಿತ್ತೆಂದು ಅವತ್ತು ನನಗೆ ತಿಳಿಯಿತು.

ಹುಡುಗಿ ಅಂಜಲಿಲ್ಲ. ಒಂದು ಕೈ ಬುಟ್ಟಿಗೆ, ಒಂದು ಕೈ ಮಷೀನಿಗೆ. ಪಾಪ, ರುದ್ರಯ್ಯನವರ ಕಾಲದಲ್ಲಿ ಬರೆಯಲು ಎರಡೂ ಕೈ ಬೇಕಿತ್ತು, ಈಗಿನವರಿಗೆ ಹೆಬ್ಬೆಟ್ಟು ಸಾಕು. ದೊಡ್ಡಆಲಹಳ್ಳಿಯಲ್ಲಿ ಹತ್ತಿದ ಗಂಡಸೊಬ್ಬ ಅವಳ ಮುಂದೆ ಬಂದ. ಅವಳು ಅಭ್ಯಾಸದಂತೆ ಜೋರಾಗಿ ಕೇಳಿದಳು:

"ಎಲ್ಲಿಂದ? ಎಲ್ಲಿಗೆ?"

ಅವನು ತಲೆಯೆತ್ತಿ ನೋಡಿದ. ಬೇವಿನ ಸೊಪ್ಪಿನ ನಡುವಿನಿಂದ ಹಿತ್ತಾಳೆಯ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ದುಡ್ಡು ಹಿಡಿದ ಕೈ ಹಾಗೇ ನಿಂತಿತು. ಚಪ್ಪಲಿ ಬಿಟ್ಟ, ಕೈ ಮುಗಿದ.

ಹುಡುಗಿ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಬುಟ್ಟಿಯೂ ತಿರುಗಿತು.

"ಅಂಕಲ್, ನಿಮ್ದು ಇನ್ನೂ ತಗೊಂಡೇ ಇಲ್ಲ. ನೀವು ಎಲ್ಲಿಂದ? ಎಲ್ಲಿಗೆ?"

ಬದುಕೆಲ್ಲ ಕಂಡಕಂಡವರನ್ನು ಕೇಳಿದ್ದ ಪ್ರಶ್ನೆ. ನಾನು ಚಿಲ್ಲರೆ ಹುಡುಕುವವನ ಹಾಗೆ ಜೇಬು ತಡಕುತ್ತ ನಿಂತೆ.